ಕೊಳ್ಳಿದೆವ್ವದ ಎದುರು ಕೂತು ಬೆಂಕಿ ಬರೆದವನು

ಹೊತ್ತು ಮುಳುಗಿ ದೇವರ ಮುಂದೆ ದೀಪ ಇಟ್ಟಾಯಿತು, ಇನ್ನು ಕಥೆ ಹೇಳಿದರೆ ದೋಷವಿಲ್ಲ. ನಿಧಾನವಾಗಿ ಹೇಳುತ್ತೇನೆ, ಹೂಂಗುಟ್ಟುತ್ತಾ ಕೇಳಿ.

ನಮಗೆ ಹಿಂದೆ, ನಮ್ಮಜ್ಜಂದಿರಿಗೂ ಹಿಂದೆ, ಒಂದು ಊರಿತ್ತಂತೆ. ಆ ಊರಿಗೊಬ್ಬ ರಾಜನಿದ್ದನಂತೆ. ರಾಜನಿಗೆ ಏಳು ಸುತ್ತಿನ ಕೋಟೆ ಇತ್ತು, ಏಳು ಲಾಯದ ತುಂಬ ಕುದುರೆ ಇತ್ತು, ಮೂಗಿನ ಕೆಳಗೆ ಗೇಣುದ್ದದ ಮೀಸೆ ಇತ್ತು. ಮೂರರಲ್ಲಿ ಅವನಿಗೆ ಜೀವ ಅಂದರೆ ಮೀಸೆ.

ಒಂದು ದಿನ ರಾಜ ಮಲಗುವ ಮುಂಚೆ ಹಾಸಿಗೆಯ ಪಕ್ಕದ ದೀಪವನ್ನು ಉಫ್ ಅಂತ ಬಾಯಿಂದ ಊದಿದನಂತೆ. ದೀಪವನ್ನು ಬಾಯಿಂದ ಊದಬಾರದು, ಹೂವಿನಿಂದ ಮೆಲ್ಲಗೆ ಶಾಂತ ಮಾಡಬೇಕು ಅಂತ ನಮ್ಮ ನಿಮ್ಮ ಮನೆಯ ಕೂಸಿಗೂ ಗೊತ್ತು. ರಾಜನಿಗೆ ಹೇಳುವವರು ಯಾರು? ಅಗ್ನಿದೇವನೇ ಹೇಳಿದ. ಬಲಗಡೆಯ ಮೀಸೆ ಚರ್ ಅಂತು. ಅರಮನೆ ತುಂಬ ಕೋಳಿಪುಕ್ಕ ಸುಟ್ಟ ವಾಸನೆ.

ಬೆಳಗಾಗುತ್ತಲೇ ಡಂಗುರ ಹೊಡೆಸಿದನಂತೆ.

"ಕೇಳ್ರಪ್ಪೋ ಕೇಳಿ! ಇವತ್ತಿನಿಂದ ಈ ಸೀಮೆಯಲ್ಲಿ ಒಲೆ ಹೊತ್ತಿಸಂಗಿಲ್ಲ, ದೀಪ ಹಚ್ಚಂಗಿಲ್ಲ, ಚಿಲುಮೆ ಸೇದಂಗಿಲ್ಲ! ಬೆಂಕಿ ಕಂಡಲ್ಲಿ ನೀರು ಹುಯ್ಯಬೇಕು, ಬೆಂಕಿ ಇಟ್ಟವರನ್ನ ಗಡಿ ದಾಟಿಸಬೇಕು!"

ಜನ ಏನು ಮಾಡುತ್ತಾರೆ? ನೆನೆಸಿದ ಹೆಸರುಬೇಳೆ ತಿಂದರು, ಸೌತೆಕಾಯಿ ತಿಂದರು, ಬಾಳೆಹಣ್ಣು ತಿಂದರು, ಮೊಸರು ಕುಡಿದು ಮಲಗಿದರು. ಮಕ್ಕಳು "ಮುದ್ದೆ ಅಂದ್ರೆ ಏನಜ್ಜೀ?" ಅಂತ ಕೇಳಿದರೆ ಅಜ್ಜಿಯರು ಎರಡೂ ಕೈಯನ್ನು ಗುಂಡಗೆ ಮಾಡಿ ತೋರಿಸಿ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಗುಡಿಯಲ್ಲಿ ಪೂಜಾರಿ ಮಂಗಳಾರತಿ ತಟ್ಟೆಯಲ್ಲಿ ಕೆಂಪು ದಾಸವಾಳ ಇಟ್ಟು ಎತ್ತುತ್ತಿದ್ದ. ಭಕ್ತರು ಹೂವಿನ ಮೇಲೆ ಅಂಗೈ ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ದೇವರು ದೊಡ್ಡವನು, ತಾಳಿಕೊಂಡ.

ಹೀಗೇ ಕಾಲ ಸಾಗಿತು. ಡಂಗುರ ಹೊಡೆಸಿದಾಗ ತೊಟ್ಟಿಲಲ್ಲಿದ್ದ ರಾಜನ ಒಬ್ಬಳೇ ಮಗಳು ಚೆಲುವಾಜಿ ಬೆಳೆದು ಮದುವೆಗೆ ಬಂದಳು. ಹೊಳೆಯಾಚೆ ಸೀಮೆಯ ರಾಜಕುಮಾರ ಅವಳನ್ನು ನೋಡಿ ಒಪ್ಪಿದ. ಅವಳೂ ಅವನನ್ನು ಕಿಟಕಿಯಿಂದ ನೋಡಿ ಒಪ್ಪಿ, ಮೂರು ದಿನ ಊಟ ಬಿಟ್ಟು ನಕ್ಕಳಂತೆ. ಎಲ್ಲ ಸರಿಹೋಯಿತು ಅನ್ನುವಾಗ ಗಂಡಿನ ಕಡೆಯ ಮುದಿ ಪುರೋಹಿತರು ಒಂದು ಮಾತು ಕೇಳಿದರು.

"ಅಲ್ಲಾ ದೊರೆಗಳೇ, ಹೆಣ್ಣಿನ ಮನೆಯಲ್ಲೇ ಧಾರೆಯಾಗಬೇಕು, ಸರಿ. ಅಗ್ನಿಸಾಕ್ಷಿಗೆ ಅಗ್ನಿ ಎಲ್ಲಿ?"

ರಾಜ ಉಳಿದಿದ್ದ ಎಡಮೀಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಬಲಗಡೆಯದು ಆಮೇಲೆ ಬೆಳೆಯಲೇ ಇಲ್ಲವಂತೆ. "ಅದೊಂದು ಬಿಟ್ಟು ಏನು ಬೇಕಾದರೂ ಕೇಳಿ" ಅಂದ.

ಬೀಗರಿಬ್ಬರೂ ಜಗ್ಗಾಡಿದರು. ಕಡೆಗೆ ಪುರೋಹಿತರೇ ಒಂದು ದಾರಿ ಹೇಳಿದರಂತೆ. "ಕಲ್ಲಿನಲ್ಲಿ ಕಡೆದರೆ ಶಿವ ಅಂತೀವಿ, ಗೋಡೆ ಮೇಲೆ ಬರೆದರೆ ವಿಷ್ಣು ಅಂತೀವಿ. ಅಗ್ನಿಯೂ ದೇವರೇ. ಗೋಡೆಯ ಮೇಲೆ ಅಗ್ನಿಯನ್ನು ಬರೆಸಿ. ನೋಡಿದ ಕೂಡಲೇ ನನ್ನ ಕೈ ತಾನಾಗಿ ಮುಗಿದರೆ ಮದುವೆ. ಮುಗಿಯದೇ ಹೋದರೆ ನಮ್ಮ ಗಾಡಿ ಹಿಂದಕ್ಕೆ. ಮಾಘಮಾಸದಲ್ಲಿ ಮುಹೂರ್ತ."

ಈಗ ಚಿತ್ರಗಾರ ಬೇಕಲ್ಲ? ಇದ್ದ. ಹೆಸರು ಹಂಪೋಜ. ಅವನ ಹೆಂಡತಿ ದುಗ್ಗಮ್ಮ ಚೆಲುವಾಜಿಯನ್ನು ಎತ್ತಿ ಆಡಿಸಿ ಸಾಕಿದವಳು. ಮಕ್ಕಳಿಲ್ಲದ ಮನೆ, ಹಾಗಾಗಿ ಆ ಹುಡುಗಿಯೇ ಅವರ ಕಣ್ಣು. ಅವಳೂ ಇವರನ್ನು ಸಾಕವ್ವ, ಹಂಪಪ್ಪ ಅಂತಲೇ ಕರೆಯುತ್ತಿದ್ದಳು.

ಹಂಪೋಜನ ವಂಶದಲ್ಲಿ ಒಂದು ಕ್ರಮವಿತ್ತು. ಯಾವುದನ್ನು ಬರೆಯುವುದಾದರೂ ಅಜ್ಜನ ಮಾದರಿ. ನೀರು ಅಂದರೆ ಮೂರು ಗೆರೆ, ಮೋಡ ಅಂದರೆ ಮೂರು ಸುತ್ತು, ಬೆಂಕಿ ಅಂದರೆ ತಲೆಕೆಳಗಾದ ಐದು ಅರಳಿ ಎಲೆ. ಸುತ್ತ ದಪ್ಪಗೆ ಕಪ್ಪು ಗೆರೆ, ಒಳಗೆ ಕೆಂಪು. ಅವನ ಅಪ್ಪ ಬರೆದದ್ದು ಹಾಗೆ, ಅಜ್ಜ ಬರೆದದ್ದು ಹಾಗೆ. ಇವನೂ ಹಾಗೇ ಬರೆದು ಅರಮನೆಗೆ ತೋರಿಸಿದ.

ಚೆಲುವಾಜಿ ನೋಡಿ ಬಾಯಿಗೆ ಕೈ ಅಡ್ಡ ಹಿಡಿದಳು. "ಹಂಪಪ್ಪ, ಬಸಳೆಸೊಪ್ಪು ಚೆನ್ನಾಗಿದೆ. ಬೆಂಕಿ ಯಾವಾಗ ಬರೀತೀಯ?"

"ಇದೇ ಬೆಂಕಿ ಕಣವ್ವಾ!"

"ಇದರ ಸುತ್ತ ನಾನು ಏಳು ಹೆಜ್ಜೆ ಹಾಕಿದರೆ ಗಂಡ ಸಿಗಲ್ಲ, ಮೊಸರುಬಜ್ಜಿ ಸಿಗುತ್ತೆ" ಅಂತ ನಕ್ಕಳು. ನಗುನಗುತ್ತಲೇ ಅವಳ ಕಣ್ಣು ತುಂಬಿಬಂತು. "ಹಂಪಪ್ಪ, ಪುರೋಹಿತರ ಕೈ ಮುಗಿಯಲ್ಲ. ಅವರು ಹೊರಟುಹೋಗ್ತಾರೆ."

ಹಂಪೋಜ ಮನೆಗೆ ಬಂದು ಗೋಡೆಗೊರಗಿ ಕೂತ.

"ಬೆಂಕಿ ಹೆಂಗಿತ್ತೇ?" ಅಂದ ಹೆಂಡತಿಗೆ.

"ಬಿಸಿಯಾಗಿತ್ತು."

"ಅದು ನನಗೂ ಗೊತ್ತು. ನೋಡೋಕೆ ಹೆಂಗಿತ್ತು?"

ದುಗ್ಗಮ್ಮ ಯೋಚಿಸಿದಳು. "ನಾನು ನೋಡ್ತಿದ್ದದ್ದು ಮೇಲಿದ್ದ ಮಡಕೆ ಕಣ್ರೀ. ಉಕ್ಕಿದರೆ ಅತ್ತೆ ಬಯ್ತಿದ್ರು, ಬೆಂಕಿ ಯಾರು ನೋಡಿದ್ರು? ನೀವೇನು ನೋಡ್ತಿದ್ರಿ?"

"ಮಡಕೆಯೊಳಗೆ ಏನಿದೆ ಅಂತ ನೋಡ್ತಿದ್ದೆ."

"ಇನ್ನೇನು ಮತ್ತೆ, ಯಾರನ್ನ ಕೇಳ್ತೀರಿ? ಈ ಸೀಮೆಯಲ್ಲಿ ಬೆಂಕಿ ಇಟ್ಟುಕೊಂಡಿರೋದು ಕೆರೆ ಏರಿ ಮೇಲಿನ ಕೊಳ್ಳಿದೆವ್ವ ಒಂದೇ. ಡಂಗುರ ಸತ್ತವರಿಗೆ ಕೇಳಿಸಲಿಲ್ಲ ನೋಡಿ" ಅಂತ ದುಗ್ಗಮ್ಮ ತಮಾಷೆಗೆ ಅಂದಳು.

ಹಂಪೋಜ ನಿಜವೆಂದುಕೊಂಡ. ಕುಲದೇವರಿಗೆ ಕೈಮುಗಿದು, ಹಣೆ ತುಂಬ ವಿಭೂತಿ ಬಳಿದುಕೊಂಡು, ಹಲಗೆ, ಬಣ್ಣದ ಚಿಪ್ಪುಗಳು, ಅಳಿಲುಬಾಲದ ಕುಂಚ ಎಲ್ಲ ಹೊತ್ತು, ದನ ಮನೆಗೆ ಬರುವ ಹೊತ್ತಿಗೆ ಕೆರೆ ಏರಿ ಹತ್ತಿದನಂತೆ.

ಹುಣಸೇಮರದ ಹಿಂದಿನಿಂದ ಅದು ಬಂತು. ಹಿಂದುಮುಂದಾದ ಪಾದ, ಕೆದರಿದ ಕೂದಲು, ಬಾಯಲ್ಲಿ ಭಗ್ಗನೆ ಉರಿಯುವ ಕೊಳ್ಳಿ. "ಹೋ!" ಅಂತು. ಹೋ ಅಂದ ಕೂಡಲೇ ಉರಿ ಮೊಳದುದ್ದ ಮುಂದೆ ಚಾಚಿತು.

ಹಂಪೋಜ ಓಡಬೇಕು ಅಂತ ತಿರುಗಿದ. ಚೆಲುವಾಜಿಯ ತುಂಬಿದ ಕಣ್ಣು ನೆನಪಾಯಿತು. ಮತ್ತೆ ಈ ಕಡೆ ತಿರುಗಿ, "ತಾಯೀ, ಇನ್ನೊಂದು ಸಲ ಹೋ ಅನ್ನು. ಮೊದಲನೇದು ಸರಿಯಾಗಿ ನೋಡಲಿಲ್ಲ" ಅಂದ.

ದೆವ್ವ ಹೌಹಾರಿ ಎರಡು ಹೆಜ್ಜೆ ಹಿಂದಕ್ಕೆ ಸರಿಯಿತು. "ಏನಂದೆ?"

"ನಿನ್ನ ಚಿತ್ರ ಬರೀಬೇಕು. ಸ್ವಲ್ಪ ಹೊತ್ತು ಕೂತ್ಕೋತೀಯಾ?"

"ನನ್ನದಾ?" ದೆವ್ವ ಕೂದಲು ಸರಿಮಾಡಿಕೊಂಡಿತಂತೆ. "ನನ್ನ ಕಂಡವರೆಲ್ಲ ಓಡ್ತಾರೆ ಕಣೋ. ಇಷ್ಟು ಕಾಲವಾಯ್ತು, ಬಂದವರ ಬೆನ್ನು ಕಂಡಿದ್ದೀನಿ ಹೊರತು ಮುಖ ಕಂಡಿಲ್ಲ. ಕೂತ್ಕೋತೀನಿ. ಯಾವ ಕಡೆ ತಿರುಗಲಿ? ಈ ಕಡೆ ಚೆನ್ನಾಗಿರ್ತದಾ, ಆ ಕಡೆನಾ?"

ಹಂಪೋಜ ಸರಸರ ಬರೆದು ತೋರಿಸಿದ.

"ಇದೇನೋ ಇದು, ಅರಳಿ ಎಲೆ ಮೂಟೆ?"

"ನಮ್ಮಜ್ಜನ ಮಾದರಿ ತಾಯೀ."

"ನಿಮ್ಮಜ್ಜ ಗೊತ್ತು ನನಗೆ. ಕುಂಟುಗಾಲಿನವನು ತಾನೇ? ಕುಂಟುಗಾಲಲ್ಲೇ ಏರಿ ಇಳಿದು ಊರು ಸೇರಿದ. ಓಡೋನಿಗೆ ಬೆನ್ನಲ್ಲಿ ಕಣ್ಣಿತ್ತಾ? ಅಳಿಸು!"

ಅಳಿಸಿದ. ಎಲೆ ಬಿಟ್ಟು ಉರಿ ಹೋದ ಹಾಗೆ ಬರೆದ. ಸುತ್ತ ಕಪ್ಪು ಗೆರೆ ಎಳೆದ.

"ನನ್ನ ಸುತ್ತ ಬೇಲಿ ಯಾಕೋ ಹಾಕ್ತೀಯ? ನಾನೇನು ನಿನ್ನ ಹಿತ್ತಲ ಬದನೆಗಿಡವಾ?" ದೆವ್ವ ಮುಖ ಉಬ್ಬಿಸಿತು. ಉಬ್ಬಿಸಿದ ಕೂಡಲೇ ಉರಿ ಕುಗ್ಗಿ, ಬುಡದಲ್ಲಿ ನೀಲಿ ಕಾಣಿಸಿತು.

ಹಂಪೋಜ ಬಗ್ಗಿ ನೋಡಿದ. "ಅಯ್ಯೋ, ನೀಲಿನೂ ಇದೆ! ತಾಯೀ, ಹಂಗೇ ಮುನಿಸ್ಕೊಂಡಿರು, ನೀಲಿ ಕಲಸ್ಕೋತೀನಿ."

ಮುನಿಸಿಕೊಂಡಿರು ಅಂದರೆ ಮುನಿಸು ನಿಲ್ಲುತ್ತದೆಯೇ? ದೆವ್ವಕ್ಕೆ ನಗು ಬಂತು. ನಕ್ಕಾಗ ಉರಿಯ ತುದಿ ಕಿತ್ತು ಕಿತ್ತು ಮೇಲಕ್ಕೆ ಹಾರಿ ಗಾಳಿಯಲ್ಲಿ ಕರಗಿತು. ಅದನ್ನೂ ಹಂಪೋಜ ನೋಡಿದ. ಇನ್ನೂ ನಗಿಸಬೇಕಲ್ಲ ಅಂತ ರಾಜನ ಮೀಸೆಯ ಕಥೆ ಹೇಳಿದ. ಬಲಮೀಸೆ ಚರ್ ಅಂದದ್ದು ಹೇಳಿದ, ಎಡಮೀಸೆಗೆ ಇಬ್ಬರು ಕಾವಲಿಟ್ಟದ್ದು ಹೇಳಿದ. ದೆವ್ವ ಹುಣಸೇಮರ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕಿತು. ಏರಿ ತುಂಬ ಕಿಡಿ ಹಾರಿತು, ಕಪ್ಪೆಗಳು ಕೆರೆಗೆ ಧುಮುಕಿದವು.

ಹೀಗೆ ಸಂಜೆ ಸಂಜೆಯೂ ಹೋದನಂತೆ. ದೆವ್ವ ಬಯ್ಯುತ್ತಿತ್ತು, ಇವನು ಅಳಿಸುತ್ತಿದ್ದ. "ಹೊಟ್ಟೆಗೆ ಕೆಂಪು ಬಳೀಬೇಡ್ವೋ, ನನ್ನ ಹೊಟ್ಟೆ ಹಳದಿ. ಇನ್ನೂ ಒಳಗೆ ಬೆಳ್ಳಗಿದೆ, ಕಣ್ಣು ಬಿಟ್ಟು ನೋಡು. ಕೆಂಪು ಅನ್ನೋದು ನಾನು ಹೊರಟು ಹೋಗೋವಾಗ ತುದೀಲಿ ಬಿಟ್ಟು ಹೋಗೋದು." ಹರಿತಾಳದ ಹಳದಿ ತೆಗೆದ, ಸುಣ್ಣದ ಬಿಳಿ ಬೆರೆಸಿದ, ಕಾವಿಯ ಕೆಂಪನ್ನು ತುದಿಗೆ ಮಾತ್ರ ತಾಗಿಸಿದ. ಎಲ್ಲ ಸರಿಯಾಯಿತು. ಆದರೂ ಬಿಳಿ ಹಲಗೆಯ ಮೇಲೆ ಅದು ಯಾರೋ ಚೆಲ್ಲಿದ ಅರಿಸಿನದ ನೀರಿನ ಹಾಗೆ ಕಾಣುತ್ತಿತ್ತು. ಎಲ್ಲಿ ತಪ್ಪಿತು ಅಂತ ಅವನಿಗೂ ತಿಳಿಯಲಿಲ್ಲ, ದೆವ್ವಕ್ಕೂ ತಿಳಿಯಲಿಲ್ಲ. ಇಬ್ಬರೂ ಗಲ್ಲಕ್ಕೆ ಕೈಕೊಟ್ಟು ಕೂತರು.

ಇತ್ತ ದುಗ್ಗಮ್ಮನಿಗೆ ಅನುಮಾನ. ಸಂಜೆಯಾದರೆ ಗಂಡ ತಲೆ ಬಾಚಿಕೊಂಡು ಎಲ್ಲಿಗೆ ಹೋಗುತ್ತಾನೆ? ಒಂದು ದಿನ ಹಿಂದೆಯೇ ಬಂದಳು. ಏರಿ ಹತ್ತಿ ನೋಡುತ್ತಾಳೆ, ಗಂಡನ ಎದುರಿಗೆ ಕೂದಲು ಹರವಿಕೊಂಡು ಕೂತಿದೆ ಕೊಳ್ಳಿದೆವ್ವ!

ಬೇರೆ ಹೆಂಗಸಾದರೆ ಕಿರುಚಿ ಬೀಳುತ್ತಿದ್ದಳು. ದುಗ್ಗಮ್ಮ ಉರಿ ನೋಡಿದಳು, ಬಾಯಲ್ಲೂರಿದ ನೀರು ನುಂಗಿದಳು, "ಏ, ಇಬ್ಬರೂ ಅಲ್ಲೇ ಇರಿ, ಎಲ್ಲೂ ಹೋಗಬೇಡಿ" ಅಂದವಳೇ ಮನೆಗೆ ಓಡಿದಳು. ಬರುವಾಗ ಕಂಕುಳಲ್ಲಿ ಧೂಳು ಹಿಡಿದಿದ್ದ ಕಾವಲಿ, ಕೈಯಲ್ಲಿ ಕಲಸಿದ ರಾಗಿಹಿಟ್ಟು.

"ತಾಯೀ, ನೀನು ಯಾವ ಊರ ಹೆಣ್ಣುಮಗಳೋ ಏನೋ, ಬಾಯಿ ಸ್ವಲ್ಪ ಇತ್ತ ಬಗ್ಗಿಸು" ಅಂದಳು.

ದೆವ್ವ ಬಗ್ಗಿತು. ಮೂರು ಕಲ್ಲು ಹೂಡಿ, ಉರಿಯ ಮೇಲೆ ಕಾವಲಿ ಇಟ್ಟು ಟಪಟಪ ರೊಟ್ಟಿ ತಟ್ಟಿದಳು. ರೊಟ್ಟಿ ಬೇಯುವ ವಾಸನೆ ಎದ್ದಾಗ ಮೂವರೂ ಮೂಗರಳಿಸಿದರು. ಸುತ್ತ ಕತ್ತಲು ಇಳಿದಿತ್ತು. ಹಂಪೋಜ ಉರಿ ನೋಡುವುದು ಬಿಟ್ಟು ಹೆಂಡತಿಯ ಮುಖ ನೋಡಿದ. ಗಲ್ಲದ ಕೆಳಗೆ ಬಂಗಾರ ಬಳಿದ ಹಾಗಿತ್ತು. ಮೂಗಿನ ತುದಿ ಹೊಳೆಯುತ್ತಿತ್ತು, ಮೂಗುಬೊಟ್ಟಿನಲ್ಲಿ ಒಂದು ಚುಕ್ಕಿ ಉರಿ ಕೂತಿತ್ತು, ಹಣೆ ಮಾತ್ರ ಕತ್ತಲಲ್ಲಿ. ಹೊಸದಾಗಿ ಮನೆ ತುಂಬಿದಾಗ ಒಲೆ ಮುಂದೆ ಹೀಗೇ ಕೂರುತ್ತಿದ್ದಳಲ್ಲ! ಅವಾಗ ಮಡಕೆ ನೋಡಿಕೊಂಡು ಕೂತೆನಲ್ಲ!

"ಏನ್ರೀ ಹಂಗೆ ನೋಡ್ತೀರಿ? ರೊಟ್ಟಿ ಸೀಯ್ತಿದೆಯಾ?"

"ಇಲ್ಲ ಕಣೇ. ಸಿಕ್ತು!" ಅಂತ ಹಂಪೋಜ ಕುಣಿದಾಡಿಬಿಟ್ಟ. "ಉರಿ ಕಾಣೋದು ಸುತ್ತಲ ಕತ್ತಲಿಂದ, ಎದುರಿಗಿರೋ ಮುಖದಿಂದ! ನಾನು ಬೆಳ್ಳನೆ ಹಲಗೆ ಮೇಲೆ ಬರೀತಾ ಕೂತಿದ್ದೀನಿ ಮಂಕ!"

"ಇದನ್ನ ನಾನು ಹೆಂಗೆ ಹೇಳಲಿ, ನನ್ನ ಸುತ್ತ ನನಗೆ ಯಾವತ್ತೂ ಕತ್ತಲೇ ಕಂಡಿಲ್ಲ" ಅಂತು ದೆವ್ವ, ರೊಟ್ಟಿ ಮುರಿಯುತ್ತಾ.

ಮಾರನೆಯ ದಿನದಿಂದಲೇ ಅರಮನೆಯ ನಡುಮನೆಗೆ ತೆರೆ ಕಟ್ಟಿಸಿ ಹಂಪೋಜ ಕೆಲಸಕ್ಕೆ ಕೂತ. ಮೊದಲು ಗೋಡೆಯನ್ನೆಲ್ಲ ಕಪ್ಪು ಮಾಡಿದ. ಆಮೇಲೆ ಹೋಮಕುಂಡ ಬರೆದು, ಇಟ್ಟಿಗೆಯ ಒಳಮೈಗೆ ಮಾತ್ರ ಬೆಳಕು ಹಾಕಿದ. ಆಮೇಲೆ ಬುಡಕ್ಕೆ ನೀಲಿ, ನಡುವೆ ಬಿಳಿ, ಸುತ್ತ ಹಳದಿ, ತುದಿಗೆ ಹಾರಿಹೋಗುವ ಕೆಂಪು. ಬೇಲಿ ಹಾಕಲಿಲ್ಲ. ತೆರೆಯ ಸಂದಿಯಿಂದ ನುಗ್ಗಿದ ಅರಮನೆಯ ಬೆಕ್ಕು ಗೋಡೆಯ ಕಡೆ ಹೊಟ್ಟೆ ಮಾಡಿ ಮಲಗಿ ಗೊರಗೊರ ಅಂದಿತಂತೆ. ಅವತ್ತು ಹಂಪೋಜ ಕುಂಚ ಕೆಳಗಿಟ್ಟ.

ಮುಹೂರ್ತದ ದಿನ ಬಂತು. ಮಾಘದ ಚಳಿ, ಬೆಳಗಿನ ಹೊತ್ತು. ಗಂಡಿನ ಕಡೆಯವರ ಗಾಡಿಗಳು ಕೋಟೆಯ ಹೊರಗೆ ನಿಂತವು. ವಾಲಗದವರು ಊದುತ್ತಿದ್ದರು. ಚೆಲುವಾಜಿ ಬಾಸಿಂಗ ಕಟ್ಟಿಕೊಂಡು, ದುಗ್ಗಮ್ಮನ ಕೈಯನ್ನು ರಕ್ತ ಹೆಪ್ಪುಗಟ್ಟುವಂತೆ ಹಿಡಿದು ನಿಂತಿದ್ದಳು. ರಾಜನಿಗೆ ರುಮಾಲು ಸುತ್ತುವುದು ಇನ್ನೂ ಮುಗಿದಿರಲಿಲ್ಲ.

"ಎಲ್ಲಪ್ಪಾ ನಿಮ್ಮ ಅಗ್ನಿ?" ಅಂದರು ಪುರೋಹಿತರು.

ಹಂಪೋಜ ತೆರೆ ಎಳೆದ.

ಪುರೋಹಿತರು ಥಟ್ಟನೆ ಹಿಂದಕ್ಕೆ ಸರಿದು ಪಂಚೆಯ ಅಂಚು ಮೇಲೆತ್ತಿಕೊಂಡರು, ಉರಿ ತಾಗೀತು ಅಂತ! ಎತ್ತಿಕೊಂಡ ಅಂಚು ಕೈಜಾರಿತು, ಎರಡೂ ಕೈ ತಾನಾಗಿ ಮುಗಿದವು. "ಸ್ವಾಹಾ" ಅಂತ ಬಾಯಿ ತಾನಾಗಿ ಅಂದಿತು. "ಅಗ್ನಿಯೇ ಸರಿ. ಕೂಡಿಸಿ ಮಕ್ಕಳನ್ನ!"

ದುಗ್ಗಮ್ಮ ಅಲ್ಲೇ ಕುಣಿದಳು. ವಾಲಗದವರು ಕೆನ್ನೆ ಬಿರಿಯುವ ಹಾಗೆ ಊದಿದರು. ಅಷ್ಟರಲ್ಲಿ, ರುಮಾಲು ಸುತ್ತಿಸಿಕೊಂಡ ರಾಜ ಒಳಗೆ ಬಂದ. ಗೋಡೆ ಕಡೆ ನೋಡಿದ.

"ಬೆಂಕೀ! ಬೆಂಕಿ ಕಣ್ರೋ! ನೀರು ಹುಯ್ಯಿರೋ!"

"ಅಯ್ಯೋ ಬುದ್ಧೀ, ಅದು ಚಿತ್ರ!" ಅಂತ ಹಂಪೋಜ ಕೂಗಿದ. ಯಾರು ಕೇಳುತ್ತಾರೆ? ಬೆಂಕಿ ಕಂಡಲ್ಲಿ ನೀರು ಹುಯ್ಯಬೇಕು ಅನ್ನುವುದು ಅಪ್ಪಣೆ. ಕಾವಲಿನವರು ಕೊಡದಲ್ಲಿ ಹೊಯ್ದರು, ಅಡುಗೆಯವರು ಹಂಡೆಯಲ್ಲಿ ಹೊಯ್ದರು, ಊರವರು ಬಾವಿಯಿಂದ ಅರಮನೆಯವರೆಗೆ ಸಾಲು ನಿಂತು ಕೈಯಿಂದ ಕೈಗೆ ಬಿಂದಿಗೆ ಸಾಗಿಸಿದರು. ಗೋಡೆಗೆ ಹೊಯ್ದದ್ದು ಅರ್ಧ, ಬೀಗರ ಮೇಲೆ ಬಿದ್ದದ್ದು ಅರ್ಧ. ಮಂತ್ರಿ ಜಾರಿ ಬಿದ್ದ, ಅವನ ಮೇಲೆ ಸೇನಾಪತಿ ಬಿದ್ದ, ಇಬ್ಬರ ಮೇಲೆ ಡೋಲಿನವನು ಬಿದ್ದ. ರಾಜ ಒಂದು ಕೊಡ ಎತ್ತಿ ಭಯದಲ್ಲಿ ತನ್ನ ತಲೆಯ ಮೇಲೇ ಸುರಿದುಕೊಂಡ. ಬೆಕ್ಕು ಕಂಬ ಹತ್ತಿತು.

ಎಲ್ಲ ನಿಂತಾಗ ಗೋಡೆ ಬೋಳಾಗಿತ್ತು. ಹಳದಿ, ಕೆಂಪು, ನೀಲಿ ನೀರು ಜನರ ಕಾಲ ಸಂದಿಯಲ್ಲಿ ಹರಿದು ಮೋರಿಗೆ ಹೋಗುತ್ತಿತ್ತು.

ಪುರೋಹಿತರು ಮುಖದ ನೀರು ಒರೆಸಿಕೊಂಡರು. "ನನ್ನ ಕೈ ಮುಗಿದದ್ದು ನಿಜ. ಆದರೆ ಈಗ ಅಗ್ನಿ ಮೋರಿಯಲ್ಲಿ ಹೋದ. ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ. ಇನ್ನೊಂದು ಬರೀತೀಯೇನಪ್ಪಾ?"

ಹಂಪೋಜ ನೀರಲ್ಲೇ ಕುಸಿದು ಕೂತ. ಗಂಡಿನ ತಂದೆ ಗಾಡಿಯವನಿಗೆ ಎತ್ತು ಕಟ್ಟು ಅಂತ ಸನ್ನೆ ಮಾಡಿದ. ಮದುಮಗ ಚೆಲುವಾಜಿಯನ್ನು ನೋಡಿದ. ಚೆಲುವಾಜಿ ಅಪ್ಪನನ್ನು ನೋಡಿದಳು.

ಅಪ್ಪನ ರೇಷ್ಮೆ ಮೈಗೆ ಅಂಟಿತ್ತು. ಮಾಘದ ಗಾಳಿ ಬಾಗಿಲಿಂದ ಸುಯ್ ಅಂತ ನುಗ್ಗಿತು. ರಾಜನ ಹಲ್ಲು ಕಟಕಟ ಅಂದಿತು.

"ಏನಾಯ್ತಪ್ಪಾಜಿ?"

"ಚ... ಚ... ಚಳಿ ಕಣವ್ವಾ. ಶಾಲು ತರಿಸು."

"ಶಾಲೆಲ್ಲ ನೆನೆದಿದೆ."

"ಕಂ... ಕಂಬಳಿ?"

"ಅದರಲ್ಲೇ ಗೋಡೆ ಬಡಿದರು."

"ಬಿಸಿನೀರು..."

"ಬಿಸಿನೀರು ಹೆಂಗೆ ಬರುತ್ತಪ್ಪಾಜಿ? ಏನು ಬೇಕು ಅಂತ ನೀವೇ ಬಾಯಿಬಿಟ್ಟು ಹೇಳಿ."

ರಾಜ ಎಡಮೀಸೆ ನೋಡಿಕೊಂಡ. ಅದರ ತುದಿಯಿಂದ ತೊಟ್ಟು ತೊಟ್ಟು ನೀರು. ಮಗಳ ಮುಖ ನೋಡಿದ. ಬಾಸಿಂಗದ ಕೆಳಗೆ ತುಟಿ ನೀಲಿಯಾಗಿತ್ತು, ಆದರೂ ಅವಳು ಅಪ್ಪನ ಕೈಯನ್ನೇ ಉಜ್ಜಿ ಉಜ್ಜಿ ಬೆಚ್ಚಗೆ ಮಾಡುತ್ತಿದ್ದಳು.

"ಒಂದಿಷ್ಟು... ಬೆಂಕಿ" ಅಂದ, ಪಿಸುಮಾತಲ್ಲಿ.

ಜನ ಕಿವಿಗೆ ಕೈ ಇಟ್ಟು ಮುಂದೆ ಬಾಗಿದರು.

"ಕೇಳಿಸಲಿಲ್ಲ ಬುದ್ಧೀ" ಅಂದಳು ದುಗ್ಗಮ್ಮ.

"ಬೆಂಕಿ ಕಣಮ್ಮಾ, ಬೆಂಕಿ! ನನಗೂ ಬೇಕು, ನನ್ನ ಮಗಳ ಮದುವೆಗೂ ಬೇಕು! ಯಾರಾದರೂ ಬೆಂಕಿ ತನ್ನಿರೋ!" ಅಂತ ರಾಜ ಅರಮನೆ ಅದುರುವ ಹಾಗೆ ಕೂಗಿದ. ಎದ್ದು ಕೂತಿದ್ದ ಡೋಲಿನವನು ಖುಷಿ ತಡೆಯಲಾರದೆ ಅಲ್ಲಿಂದಲೇ ಬಾರಿಸುತ್ತಾ ಬೀದಿಗೆ ಓಡಿದ. "ಕೇಳ್ರಪ್ಪೋ ಕೇಳಿ! ದೊರೆಗಳೇ ಬೆಂಕಿ ಕೇಳಿದ್ದಾರೆ! ಒಲೆ ಹೊತ್ತಿಸ್ರಪ್ಪೋ, ಎಸರಿಡ್ರವ್ವೋ!"

ಹೊಳೆಯಾಚೆಯವರಿಗೆ ಬೆಂಕಿ ಹೊಸದೇ? ಹೊರಗೆ ನಿಂತ ಗಾಡಿಯಲ್ಲಿ ಸಮಿತ್ತು ಒಣಗಿಕೊಂಡೇ ಇತ್ತು. ಪುರೋಹಿತರು ಸೊಂಟದ ಚೀಲದಿಂದ ಚಕಮಕಿ ಕಲ್ಲು ತೆಗೆದು, ಅಗ್ನಿಯನ್ನು ಸ್ಮರಿಸಿ, ಒಂದು ಹೊಡೆದರು, ಎರಡು ಹೊಡೆದರು, ಮೂರನೆಯದಕ್ಕೆ ಕಿಡಿ ಹಿಡಿಯಿತು. ಹುಟ್ಟಿದ ಉರಿಗೆ ಊರಿಗೆ ಊರೇ ನೀರಲ್ಲಿ ಸಾಷ್ಟಾಂಗ ಬಿತ್ತಂತೆ. ಧಾರೆಯಾಯಿತು, ಕೊರಳಿಗೆ ತಾಳಿ ಬಿತ್ತು, ಅರಳು ಹಾಕಿದರು, ಮದುಮಕ್ಕಳು ಏಳು ಹೆಜ್ಜೆ ತುಳಿದರು. ರಾಜ ಎಡಗೈಯಲ್ಲಿ ಮೀಸೆ ಮುಚ್ಚಿಕೊಂಡು ಬಲಗೈ ಕಾಯಿಸಿಕೊಂಡ. ಸ್ವಲ್ಪ ಹೊತ್ತಿಗೆ ಎಡಗೈಯನ್ನೂ ಚಾಚಿದ.

ಹಂಪೋಜ ಮಾತ್ರ ಉರಿಯನ್ನೇ ನೋಡುತ್ತಾ ತಲೆಯನ್ನು ಆ ಕಡೆ ವಾಲಿಸಿ ಈ ಕಡೆ ವಾಲಿಸಿ ಕೂತಿದ್ದ. ದುಗ್ಗಮ್ಮ ಪಕ್ಕೆಗೆ ತಿವಿದಳು. "ಅಕ್ಷತೆ ಹಾಕ್ರೀ, ಆಮೇಲೆ ನೋಡೀರಂತೆ. ಇನ್ನು ಮನೆಯಲ್ಲೇ ಇರುತ್ತಲ್ಲ."

ಊಟಕ್ಕೆ ಮುದ್ದೆ ಬಡಿಸಿದರು. ಮೊದಲ ತುತ್ತಿಗೇ ಮುದುಕರು ಅತ್ತರು. ಮಕ್ಕಳು ಮುದ್ದೆಯನ್ನು ಮುಟ್ಟಿ, ಬಿಸಿಗೆ ಕಿರುಚಿ, ಮತ್ತೆ ಮುಟ್ಟಿದವು.

ಊಟವಾದ ಮೇಲೆ ರಾಜ ಹಂಪೋಜನಿಗೆ ಬಂಗಾರದ ಕಡಗ ತೊಡಿಸಿ, "ಗೋಡೆ ಬೋಳಾಯ್ತಲ್ಲಪ್ಪಾ, ಮತ್ತೊಂದು ಸಲ ಬರೀತೀಯಾ?" ಅಂದನಂತೆ.

"ಬರೀತೀನಿ ಬುದ್ಧೀ" ಅಂದ ಹಂಪೋಜ. "ತಾವು ಪಕ್ಕದಲ್ಲಿ ಕೂತು ಮೊದಲಿಂದ ನೋಡ್ತೀರಿ ಅಂದರೆ ಬರೀತೀನಿ. ಬರೆದಾದ ಮೇಲೆ ನೋಡಿದರೆ ಬಾವಿ ನೀರು ಸಾಲಲ್ಲ."

ರಾಜ ಕೂತ, ಹಂಪೋಜ ಬರೆದ, ಗೋಡೆ ಬೆಳಗಿತು. ಚೆಲುವಾಜಿ ಗಂಡನ ಮನೆ ಬೆಳಗಿದಳು. ಅವರ ಒಲೆ ಆ ಊರಲ್ಲಿ ಉರಿಯಿತು, ನಮ್ಮ ಒಲೆ ಈ ಊರಲ್ಲಿ ಉರಿಯಲಿ. ಕಥೆ ಬೆಂದಿತು, ಅಡುಗೆಯೂ ಬೆಂದಿದೆ. ಏಳಿ, ಕೈತೊಳೀರಿ.